ಲೋಹಗಳ ಮುಪ್ಪು ಮತ್ತು ಮನೆಯ ಶೋಭೆ

ಒಂದು ಊರಿನ ಪೂರ್ವವೃತ್ತಾಂತವನ್ನು ತಿಳಿಯಬೇಕಾದವನು ಅಲ್ಲಿಯ ಓಣಿಗಳ ಹೆಸರುಗಳನ್ನು ಕೇಳಿಕೊಂಡರೆ ಅರ್ಧ ತಿಳಿದಂತೆಯೇ ಸರಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತವನಿಗೆ ಇಂದು ತರಕಾರಿ, ಹೂವು, ತಿಂಡಿಗಳ ಗದ್ದಲವಲ್ಲದೆ ದುರ್ಗವು ಕಾಣಿಸದು. ಆದರೆ ಹೆಸರಿನಲ್ಲಿ ಅದು ಉಳಿದುಕೊಂಡಿರುವದು. ಸವಣೂರ ನವಾಬರ ಆಳಿಕೆಯಲ್ಲಿ, ೧೭೨೭ರಲ್ಲಿ, ಬಸಪ್ಪಶೆಟ್ಟರೆಂಬ ವರ್ತಕರು ಹೊಸ ಹುಬ್ಬಳ್ಳಿಯ ಪೇಟೆಯನ್ನು ಕಟ್ಟಿಸಿದ್ದು ಇದೇ ಬೈಲಿನ ಸುತ್ತಮುತ್ತ. ಅಲ್ಲಿಂದ ಹೊರಟರೆ ಜವಳಿ ಸಾಲು, ದಾಜಿಬಾನ ಪೇಟೆ, ಕಂಚಗಾರ ಗಲ್ಲಿ. ಕಸುಬುದಾರನು ತೀರಿಕೊಂಡರೂ, ಕಸುಬು ಕೈಬಿಟ್ಟರೂ, ಓಣಿಯು ಅವನ ಹೆಸರನ್ನು ಹೇಳುತ್ತಲೇ ಇರುವದು. ಕಂಚಗಾರ ಗಲ್ಲಿಯೆಂಬ ಆ ನಾಲ್ಕಕ್ಷರದ ಕಸುಬಿನಿಂದ ನಮ್ಮ ಸೀಮೆಯ ಅಡಿಗೆಮನೆ, ದೇವರಮನೆ, ಬಚ್ಚಲಮನೆಗಳು ಒಂದು ಕಾಲಕ್ಕೆ ತುಂಬಿದ್ದವೆಂಬುದನ್ನು ಇಂದಿನ ಗೃಹಸ್ಥರಿಗೆ ನೆನಪು ಮಾಡಿಕೊಡುವದು ಅಪ್ರಸ್ತುತವಾಗಲಾರದು. ಯಾಕಂದರೆ ಈಗ ಆ ಕಂಚು ಹಿತ್ತಾಳಿಗಳು ಬೇರೊಂದು ಬಾಗಿಲಿನಿಂದ ಮನೆಯೊಳಗೆ ಬರಹತ್ತಿವೆ.

ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರುಗಳ ದಾರಿ. ಸತ್ತೂರ, ರಾಯಾಪುರ, ನವನಗರ, ಉಣಕಲ್ಲ, ಹೀಗೆ ದಾರಿಯುದ್ದಕ್ಕೂ ಹೊಸ ಮನೆಗಳು ಎದ್ದಿವೆ. ಅವುಗಳ ಹೊರಮೈ ಗಾಜಿನದು, ನೆಲ ಹಾಲುಗಲ್ಲಿನದು. ಆದರೆ ಪಡಸಾಲೆಯೊಳಗೆ ಕಾಲಿಟ್ಟೊಡನೆ ಮೂಲೆಯಲ್ಲೊಂದು ಕಪ್ಪಡರಿದ ದೀಪದ ಸಮೆ, ಬಾಗಿಲ ಬಳಿ ಹೂವು ತೇಲಿಬಿಟ್ಟ ಉರುಳಿ, ಗೋಡೆಗೆ ಹಸುರು ಹತ್ತಿದ ತಾಮ್ರದ ತಟ್ಟೆ ಇವು ಕಣ್ಣಿಗೆ ಬೀಳುವವು. ಮನೆಯು ಹೊಸದಾಗಿರಬೇಕು, ವಸ್ತುವು ಹಳೆಯದಾಗಿ ಕಾಣಬೇಕು. ಇದು ಈ ಕಾಲದ ಅಭಿರುಚಿ. ಇದನ್ನು ಹಾಸ್ಯ ಮಾಡಬೇಕಾದದ್ದಿಲ್ಲ. ಹಳೆಯದರ ಮೇಲಿನ ಪ್ರೀತಿಯು ಒಳ್ಳೆಯದೇ. ಆದರೆ ಯಾವ ಲೋಹಕ್ಕೆ ಮುಪ್ಪು ಒಪ್ಪುವದು, ಯಾವದಕ್ಕೆ ಒಪ್ಪದು, ಯಾವ ಮುಪ್ಪು ನಿಜ, ಯಾವದು ವೇಷ, ಎಂಬ ವಿವೇಕವಿಲ್ಲದಿದ್ದರೆ ಹಣವೂ ಹೋಗುವದು, ಮನೆತನದ ಸೊತ್ತೂ ಹೋಗುವದು.

ಈ ಮಾತಿಗೆ ನಮ್ಮ ಮನೆಯಲ್ಲಿಯೇ ಒಂದು ಪ್ರಸಂಗವು ಒದಗಿತು. ನನ್ನ ಅಣ್ಣನ ಮಗನು ನವನಗರದಲ್ಲಿ ಮನೆ ಕಟ್ಟಿಸಿದನು. ವಾಸ್ತುಶಾಂತಿಗೆ ತಿಂಗಳಿರುವಾಗ ನನ್ನಲ್ಲಿಗೆ ಬಂದು, “ಕಾಕಾ, ಅಟ್ಟದ ಮ್ಯಾಲಿನ ಹಂಡೆ, ಕೊಡ, ಗಂಗಾಳ ಎಲ್ಲಾ ತೂಕಕ್ಕ ಹಾಕಿ, ಬಂದ ರೊಕ್ಕದಾಗ ಒಂದು ಆಂಟಿಕ್ ಸಮೆ ತರೋಣಂತೀನಿ. ನೀವೂ ಬರ್ರಿ” ಎಂದನು. ಹಂಡೆಯು ನನ್ನ ತಾಯಿಯು ಲಗ್ನವಾಗಿ ಬಂದಾಗಲೇ ಮನೆಯಲ್ಲಿದ್ದದ್ದು. ಹಳೆಯದನ್ನು ಮಾರಿ ಹಳೆಯದರಂತೆ ಕಾಣುವದನ್ನು ಕೊಳ್ಳುವ ಈ ವ್ಯವಹಾರವು ನನಗೆ ವಿಚಿತ್ರವೆನಿಸಿದರೂ, ಆಗಲೇ ಉಪದೇಶಕ್ಕೆ ತೊಡಗದೆ ಅವನ ಸಂಗಡ ಹೊರಟೆನು. ಅಂಗಡಿಯನ್ನು ಕಂಡ ಬಳಿಕ ಆಡುವ ಮಾತಿಗೆ ತೂಕ ಹೆಚ್ಚು.

ಹಳೆಯ ಪೇಟೆಯ ಆ ಪಾತ್ರೆಯ ಅಂಗಡಿಯಲ್ಲಿ ಎದುರಿಗೇ ಎರಡು ಸಮೆಗಳಿದ್ದವು. ಒಂದು ಬಂಗಾರದಂತೆ ಹೊಳೆಯುವದು. ಮತ್ತೊಂದು ಯಾವದೋ ಮಠದ ಗರ್ಭಗುಡಿಯಿಂದ ಎತ್ತಿ ತಂದಂತೆ ಕಪ್ಪು. ಕಪ್ಪು ಸಮೆಗೆ ಬೆಲೆ ಹೆಚ್ಚು. ಅದಕ್ಕೆ ಎಷ್ಟು ವರ್ಷವಾದವೆಂದು ನಾನು ಕೇಳಿದ್ದಕ್ಕೆ ಮುದುಕನಾದ ಅಂಗಡಿಕಾರನು ನಕ್ಕು, “ಮಾಸ್ತರ, ಎರಡೂ ಒಂದ ತಿಂಗಳ ಕೂಸುಗಳು. ಒಂದಕ್ಕ ಮದ್ದು ಕುಡಿಸ್ಯಾರ, ಮುಪ್ಪು ಬಂದೈತಿ” ಎಂದನು. ಅವನ ಪ್ರಾಮಾಣಿಕತೆಯು ನನಗೆ ಬಹಳ ಮೆಚ್ಚಿಕೆಯಾಯಿತು. ಅದೇ ಅಂಗಡಿಯ ಹಿಂಬದಿಗೆ ತೂಕಕ್ಕೆ ಬಂದ ಮುರುಕು ಸಾಮಾನುಗಳ ರಾಶಿ. ಅದರಲ್ಲಿ ಒಂದು ಕಂಚಿನ ಗಂಗಾಳವಿದ್ದಿತು. ಅಂಚಿನ ಮೇಲೆ ಚಿಕ್ಕ ಉಳಿಯಿಂದ ಕೊರೆದ ಒಬ್ಬ ಹೆಣ್ಣುಮಗಳ ಹೆಸರು, ಕೆಳಗೆ ಶಕವರ್ಷ. ತವರುಮನೆಯವರು ಮದುವೆಯಲ್ಲಿ ಕೊಟ್ಟದ್ದಿರಬೇಕು. ದಿನವೂ ಕೈ ತಾಗಿ ಅಕ್ಷರಗಳ ಅಂಚು ನುಣ್ಣಗಾಗಿದ್ದವು. ಅದು ಕರಗುವ ಮೂಸೆಗೆ ಹೋಗಲಿತ್ತು. ಮುಪ್ಪಿನ ವೇಷ ಹಾಕಿದ್ದಕ್ಕೆ ಅಧಿಕ ಬೆಲೆ, ಮುಪ್ಪನ್ನೇ ಪಡೆದದ್ದಕ್ಕೆ ಮುರುಕಿನ ಬೆಲೆ! ಅಣ್ಣನ ಮಗನು ಆ ಗಂಗಾಳವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದನು. ಆ ದಿನ ನಾವು ಏನನ್ನೂ ಕೊಳ್ಳದೆ ಮರಳಿದೆವು. ಆದರೆ ದಾರಿಯಲ್ಲಿ ಅವನು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಈ ಲೇಖನವಾಗಿವೆ.

ಮೊದಲು ಲೋಹಗಳ ಪರಿಚಯ. ತಾಮ್ರವು ಶುದ್ಧ ಲೋಹ. ತಾಮ್ರಕ್ಕೆ ಸತುವು ಕೂಡಿದರೆ ಹಿತ್ತಾಳಿ. ತವರವು ಕೂಡಿದರೆ ಕಂಚು. ಅಮರಕೋಶದಲ್ಲಿ ಹಿತ್ತಾಳಿಗೆ ‘ರೀತಿ’ ಎಂದೂ ‘ಆರಕೂಟ’ ಎಂದೂ ಹೆಸರು. ನಡೆನುಡಿಯ ಕ್ರಮಕ್ಕೂ ರೀತಿ, ಹಿತ್ತಾಳಿಗೂ ರೀತಿ! ‘ರಸರತ್ನಸಮುಚ್ಚಯ’ವೆಂಬ ರಸಶಾಸ್ತ್ರದ ಗ್ರಂಥವು ಹಿತ್ತಾಳಿಯಲ್ಲಿ ಎರಡು ಜಾತಿಗಳನ್ನು ಹೇಳಿದೆ. ಕಾಯಿಸಿ ಹುಳಿಗಂಜಿಯಲ್ಲಿ ಅದ್ದಿದಾಗ ತಾಮ್ರದ ಬಣ್ಣಕ್ಕೆ ತಿರುಗುವದು ರೀತಿಕೆ. ಕಪ್ಪಾಗುವದು ಕಾಕತುಂಡಿ, ಅಂದರೆ ಕಾಗೆಯ ಕೊಕ್ಕಿನಂಥದು. ಲೋಹದ ಬಣ್ಣವನ್ನು ಮದ್ದಿನಿಂದ ತಿರುಗಿಸುವ ವಿದ್ಯೆಯು ನಮ್ಮವರಿಗೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಗ್ರಂಥವು ಎಂಟು ಪಾಲು ತಾಮ್ರಕ್ಕೆ ಎರಡು ಪಾಲು ತವರವನ್ನು ಕೂಡಿಸಿ ಕಂಚು ಮಾಡಬೇಕೆಂದು ವಿಧಿಸುವದು. ಇಂದಿನ ಒಳ್ಳೆಯ ಗಂಟೆಯ ಕಂಚಿನ ಪ್ರಮಾಣವೂ ಹೆಚ್ಚುಕಡಿಮೆ ಇದೇ. ಆದ್ದರಿಂದಲೇ ಕಂಚಿನ ಗಂಗಾಳವನ್ನು ಬೆರಳಿನಿಂದ ಮಿಡಿದರೆ ನಾದವು ಬಹಳ ಹೊತ್ತು ನಿಲ್ಲುವದು. ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಸೀಳುವದು. ಹಿತ್ತಾಳಿಯು ಬಿದ್ದರೆ ನೆಗ್ಗುವದು, ಸೀಳುವದಿಲ್ಲ.

ಇನ್ನು ಮುಪ್ಪಿನ ವಿಚಾರ. ತಾಮ್ರವು ಗಾಳಿಗೆ ತೆರೆದುಕೊಂಡರೆ ಅದರ ಮೇಲ್ಮೈಯು ಆಮ್ಲಜನಕದೊಡನೆ ಕೂಡಿ ಮೊದಲು ಕೆಂಗಂದು, ಆ ಮೇಲೆ ಕಪ್ಪುಗಂದು ಆಗುವದು. ಮಳೆ, ಹೊಗೆ, ತೇವಗಳು ವರ್ಷಗಟ್ಟಲೆ ತಾಗಿದ ಬಳಿಕ ಹಸುರು ಬರುವದು. ಅಮೇರಿಕೆಯ ನ್ಯೂಯಾರ್ಕಿನ ಬಂದರಿನಲ್ಲಿ ೧೮೮೬ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯದೇವಿಯ ಪ್ರತಿಮೆಯು ಆಗ ಹೊಸ ತಾಮ್ರದ ಬಣ್ಣದ್ದಾಗಿತ್ತು. ಇಪ್ಪತ್ತು ಮೂವತ್ತು ವರ್ಷಗಳೊಳಗೆ ಹಸುರಾಯಿತು. ಆ ಹಸುರು ಪದರವು ಒಳಗಿನ ತಾಮ್ರಕ್ಕೆ ಕವಚದಂತಿರುವದರಿಂದ ಅದನ್ನು ತೆಗೆಯದೆ ಹಾಗೆಯೇ ಕಾಯ್ದುಕೊಂಡಿದ್ದಾರೆ. ನಮ್ಮ ಅರಸರು ದಾನಶಾಸನಗಳನ್ನು ತಾಮ್ರದ ಹಲಗೆಗಳ ಮೇಲೆ ಬರೆಯಿಸಿದ್ದೂ ಈ ಗುಣದಿಂದಲೇ ಸಾರ್ಥಕವಾಯಿತು. ಮಣ್ಣಿನಲ್ಲಿ ಶತಮಾನಗಳ ಕಾಲ ಹುಗಿದಿದ್ದರೂ ಅಕ್ಷರವು ಅಳಿಯದೆ ಉಳಿದ ಉದಾಹರಣೆಗಳು ಬಹಳ. ಆದರೆ ಎಲ್ಲ ಹಸುರೂ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ, ಲೋಹಕ್ಕೆ ಅಂಟಿಕೊಂಡಿರುವದು ಒಳ್ಳೆಯ ಮುಪ್ಪು. ಬೆರಳಿಗೆ ಪುಡಿಯಾಗಿ ಹತ್ತುವದು ರೋಗ. ಉಪ್ಪಿನ ಅಂಶವು ಸೇರಿದ ಹಳೆಯ ಕಂಚಿನಲ್ಲಿ ಇಂಥ ಪುಡಿಹಸುರು ಹುಟ್ಟಿ ಒಳಗೊಳಗೇ ತಿನ್ನುತ್ತ ಹೋಗುವದುಂಟು.

ಕಬ್ಬಿಣದ ಸ್ವಭಾವವು ಇದಕ್ಕೆ ವಿರುದ್ಧ. ತಾಮ್ರದ ಕಿಲುಬು ಕವಚವಾದರೆ ಕಬ್ಬಿಣದ ತುಕ್ಕು ಕಳ್ಳ. ಅದು ಸಡಿಲಾಗಿ ಉದುರುವದು, ಉದುರಿದಲ್ಲಿ ಹೊಸ ಕಬ್ಬಿಣವು ಗಾಳಿಗೆ ತೆರೆಯುವದು, ಅದೂ ತುಕ್ಕಾಗುವದು. ಇದಕ್ಕೆ ಅಪವಾದಗಳಿಲ್ಲದಿಲ್ಲ. ದಿಲ್ಲಿಯ ಕಬ್ಬಿಣದ ಕಂಬವು ಸುಮಾರು ೧೬೦೦ ವರ್ಷಗಳಿಂದ ಮಳೆಬಿಸಿಲುಗಳಲ್ಲಿ ನಿಂತಿದೆ. ಅದರಲ್ಲಿಯ ರಂಜಕದ ಅಂಶದಿಂದ ಮೇಲೆ ತೆಳುವಾದ ಗಟ್ಟಿ ಪೊರೆ ಕಟ್ಟಿದೆಯೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ನಮ್ಮ ನಾಡಿನಲ್ಲಿಯೇ, ಮಳೆಗೆ ಹೆಸರಾದ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ ಒಂದು ಹಳೆಯ ಕಬ್ಬಿಣದ ಕಂಬವುಂಟು. ಆದರೆ ಪೇಟೆಯಿಂದ ತಂದ ಇಂದಿನ ಕಬ್ಬಿಣದಿಂದ ಇಂಥ ಪವಾಡವನ್ನು ನಿರೀಕ್ಷಿಸಲಾಗದು. ೧೮೮೫ರಿಂದ ರೇಲ್ವೆ ಕಾರಖಾನೆಯನ್ನು ಕಂಡ ಹುಬ್ಬಳ್ಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ೨೦೨೦ರಲ್ಲಿ ಅಲ್ಲಿ ತೆರೆದ ರೇಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದವರು ಹಳೆಯ ಎಂಜಿನ್ನುಗಳನ್ನು ನೋಡಲಿ. ಕಬ್ಬಿಣವು ಬಣ್ಣದ ಆಸರೆಯಿಂದಲೇ ಬಾಳುವದೆಂಬುದು ತಿಳಿಯುವದು. ಮನೆಯಲ್ಲಿ ಕಬ್ಬಿಣದ ಚಿಲಕ, ಸರಪಳಿ, ಸರಳುಗಳನ್ನು ಹಳೆಯ ವಾಡೆಯಂತೆ ಕಪ್ಪಾಗಿಡಬೇಕೆಂದರೆ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ಬಿಸಿ ಮಾಡಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಎಣ್ಣೆಯು ಒಣಗಿ ಕಪ್ಪು ಪೊರೆಯಾಗುವದು.

ಹುಟ್ಟುಗಪ್ಪಿನ ಲೋಹವನ್ನು ಬಯಸುವವರಿಗೆ ನಮ್ಮ ರಾಜ್ಯದ್ದೇ ಆದ ಬಿದರಿಯಿದೆ. ಸತುವಿನಲ್ಲಿ ಅತ್ಯಲ್ಪ ತಾಮ್ರವನ್ನು, ಹದಿನಾರಕ್ಕೆ ಒಂದರಂತೆ, ಬೆರೆಸಿ ಎರಕ ಹೊಯ್ಯುವರು. ಮೇಲೆ ಚಿತ್ರ ಕೊರೆದು ಬೆಳ್ಳಿಯ ತಂತಿ, ತಗಡುಗಳನ್ನು ಕೂಡಿಸುವರು. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಮಾಡಿ ತಿಕ್ಕಿದರೆ ಮೈಯೆಲ್ಲ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬಿಳುಪು. ಈ ಕೆಲಸಕ್ಕೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಲ್ಲಿಯ ಕಪ್ಪು ಮುಪ್ಪಿನ ಸೋಗಲ್ಲ. ಆ ಕಲೆಯ ನಿಜರೂಪವೇ ಅದು. ಆದ್ದರಿಂದ ಬಿದರಿಗೆ ಹುಣಿಸೆಹಣ್ಣನ್ನು ಎಂದೂ ತಾಗಿಸಬಾರದು. ಕೊಬ್ಬರಿ ಎಣ್ಣೆಯ ಪಸೆಯಿರುವ ಮೆತ್ತನೆಯ ಅರಿವೆಯಿಂದ ಒರಸಿದರೆ ಸಾಕು.

ಮದ್ದಿನ ಮುಪ್ಪು ಹ್ಯಾಗೆ ಬರುವದೆಂಬುದನ್ನೂ ಗೃಹಸ್ಥರು ತಿಳಿದಿರಬೇಕು. ಗಂಧಕವುಳ್ಳ ಕ್ಷಾರದ ನೀರಿನಲ್ಲಿ ಅದ್ದಿದರೆ ತಾಮ್ರವು ನಿಮಿಷಗಳಲ್ಲಿ ಕಪ್ಪಾಗುವದು. ಉಪ್ಪು, ಹುಳಿ, ನವಸಾಗರದ ಆವಿ ಇವುಗಳಿಂದ ಕೆಲವು ದಿನಗಳಲ್ಲಿ ಹಸುರು ತರುವರು. ಆ ಬಣ್ಣವು ಹಾರಬಾರದೆಂದು ಮೇಲೆ ಮೆರುಗೆಣ್ಣೆಯನ್ನು ಹಚ್ಚುವರು. ಇದರಲ್ಲಿ ಮೋಸವಿಲ್ಲ, ಹೊಸದೆಂದು ಹೇಳಿ ಮಾರಿದರೆ. ಹಳೆಯದೆಂದು ಹೇಳಿ ಮಾರಿದರೆ ಮೋಸ. ಪರೀಕ್ಷೆಗಳು ಸುಲಭವಾಗಿವೆ. ಕಾಲವು ತಂದ ಮುಪ್ಪು ಒಂದೇ ಸಮನಾಗಿರದು: ಕೈ ಹಿಡಿಯುವ ಕಡೆ, ಕಂಠದಲ್ಲಿ, ಅಂಚಿನಲ್ಲಿ ಸವೆದು ಹೊಳೆಯುತ್ತಿದ್ದು, ಕುಸುರಿಯ ಸಂದುಗಳಲ್ಲಿ ಕಪ್ಪು ಕೂತಿರುವದು. ಮದ್ದಿನ ಮುಪ್ಪು ತಳದಲ್ಲಿಯೂ ಒಳಮೈಯಲ್ಲಿಯೂ ಸಮನಾಗಿ ಬಳಿದಂತಿರುವದು. ಹಳೆಯ ಹಂಡೆಯ ಮೈಮೇಲೆ ಸುತ್ತಿಗೆಯ ಏಟಿನ ಗುರುತುಗಳು, ಬೆಸುಗೆಯ ಗೆರೆ, ಒಳಗೆ ಕಲಾಯಿಯ ಅವಶೇಷ, ತಳಕ್ಕೆ ಒಲೆಯ ಮಸಿ ಕಾಣುವವು. ಸೂಜಿಗಲ್ಲು ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಹಿತ್ತಾಳಿಯ ಲೇಪವೆಂದು ತಿಳಿಯಬೇಕು. ಕೈಯಲ್ಲಿ ಹಗುರವೆನಿಸಿದರೆ ಅಲ್ಯುಮಿನಿಯಮ್ಮು. ಸಮಗಾತ್ರದ ತಾಮ್ರವು ಅದರ ಮೂರು ಪಟ್ಟಿಗೂ ಹೆಚ್ಚು ತೂಗುವದು.

ಈಗ ಯಾವದನ್ನು ಎಲ್ಲಿ ಇಡಬೇಕೆಂಬ ಮಾತು. ಉಣ್ಣುವ, ಕುಡಿಯುವ ಪಾತ್ರೆಗೆ ಮದ್ದಿನ ಬಣ್ಣವು ಸರ್ವಥಾ ಕೂಡದು. ಕಪ್ಪು ಮಾಡಿದ ಉರುಳಿಯಲ್ಲಿ ಹೂವು ತೇಲಿಬಿಡಬಹುದು, ಪಾನಕ ಮಾಡಲಾಗದು. ತಾಮ್ರ ಹಿತ್ತಾಳಿಗಳಲ್ಲಿ ಹುಳಿಯನ್ನು, ಮಜ್ಜಿಗೆಯನ್ನು ಇಟ್ಟರೆ ಕಿಲುಬು ಇಳಿಯುವದು. ಅದಕ್ಕಾಗಿಯೇ ಹಿರಿಯರು ಒಳಮೈಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಹಿತ್ತಾಳಿಯಲ್ಲಿ ಅಡಿಗೆ ಮಾಡುವವರು ಕಲಾಯಿ ಸವೆದೊಡನೆ ಮತ್ತೆ ಹಾಕಿಸಲೇಬೇಕು. ಬಚ್ಚಲಿಗೆ, ಅಂಗಳಕ್ಕೆ, ತುಳಸಿಕಟ್ಟೆಗೆ ತಾಮ್ರ ಹಿತ್ತಾಳಿಗಳು ಒಳ್ಳೆಯವು. ಧಾರವಾಡದ ಮಳೆಯಲ್ಲಿ ಅವು ತಾವಾಗಿಯೇ ಮೆಲ್ಲಗೆ ಬಣ್ಣ ಪಡೆಯುವವು. ನಾವು ಕಡಲಿನಿಂದ ದೂರವಿರುವದರಿಂದ ಕಾರವಾರದವರಂತೆ ಉಪ್ಪುಗಾಳಿಯ ಕಾಟವಿಲ್ಲ. ಅಲ್ಲಿ ಕಬ್ಬಿಣವಷ್ಟೇ ಅಲ್ಲ, ಹಿತ್ತಾಳಿಯೂ ಬೇಗ ಹಾಳಾಗುವದು. ಒಂದು ಕೋಣೆಯಲ್ಲಿ ಎರಡು ಲೋಹಗಳಿಗಿಂತ ಹೆಚ್ಚು ಸೇರಿಸದಿದ್ದರೆ ನೋಟಕ್ಕೆ ಹಿತ. ಕರಿಮರದ ಬಾಗಿಲಿಗೆ ಹಿತ್ತಾಳಿಯ ಗುಬ್ಬಿಗಳು, ಬಿಳಿಗೋಡೆಗೆ ತಾಮ್ರದ ಕಂದು, ಕಡಪಾಕಲ್ಲಿನ ಬಳಿ ಕಂಚಿನ ಹಳದಿ ಒಪ್ಪುವವು.

ಲೋಹಗಳನ್ನು ಜೋಡಿಸುವಾಗ ಒಂದು ಎಚ್ಚರಿಕೆ. ಹಿತ್ತಾಳಿಯ ಫಲಕಕ್ಕೆ ಕಬ್ಬಿಣದ ಮೊಳೆ ಹೊಡೆಯಬಾರದು. ತೇವದಲ್ಲಿ ಎರಡು ಬೇರೆ ಲೋಹಗಳು ತಾಗಿಕೊಂಡಿದ್ದರೆ ಅವುಗಳಲ್ಲಿ ವಿದ್ಯುತ್ಪ್ರವಾಹವು ಹುಟ್ಟಿ ಕಬ್ಬಿಣವು ಬೇಗನೆ ಸವೆಯುವದು. ಮೇಲೆ ಹೇಳಿದ ಸ್ವಾತಂತ್ರ್ಯದೇವಿಯ ಪ್ರತಿಮೆಯಲ್ಲಿಯೂ ಹೀಗೆಯೇ ಆಯಿತು. ತಾಮ್ರದ ಮೈ ಚೆನ್ನಾಗಿಯೇ ಉಳಿದಿದ್ದರೂ ಒಳಗಿನ ಕಬ್ಬಿಣದ ಪಟ್ಟಿಗಳು ತುಕ್ಕಾಗಿ ಉಬ್ಬಿದ್ದರಿಂದ ೧೯೮೪ರಿಂದ ೧೯೮೬ರ ವರೆಗೆ ಅವನ್ನೆಲ್ಲ ಬದಲಿಸಿ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳನ್ನು ಹಾಕಬೇಕಾಯಿತು. ಹಿತ್ತಾಳಿಗೆ ಹಿತ್ತಾಳಿಯ ತಿರುಪುಮೊಳೆಯೇ ಇರಲಿ.

ಹಳೆಯದನ್ನು ತಿಕ್ಕಿ ಬೆಳಗಬೇಕೋ ಹಾಗೆಯೇ ಬಿಡಬೇಕೋ ಎಂಬುದು ಉಳಿದ ಪ್ರಶ್ನೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ತಾಮ್ರ, ಕಬ್ಬಿಣ, ಕಂಚು, ಹಿತ್ತಾಳಿ ಮುಂತಾದವುಗಳನ್ನು ಕ್ಷಾರ, ಹುಳಿ, ನೀರುಗಳಿಂದ ಶುದ್ಧಿಮಾಡಬೇಕೆಂದಿದೆ. ನಮ್ಮ ಮನೆಗಳ ಹುಣಿಸೆಹಣ್ಣು ಬೂದಿಗಳ ಪದ್ಧತಿಯು ಅದೇ. ದೇವರ ಉಪಕರಣಗಳು ನಿತ್ಯವೂ ಬೆಳಗಿರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಮಾತನ್ನು ಮನೆಯಲ್ಲಿ ಆಡಿದಾಗ ಅಣ್ಣನ ಸೊಸೆಯು, “ಮಾವಾರ, ಹೊಳಪು ನೋಡಿ ಹಿಗ್ಗವರು ನೀವು, ಹುಣಸಿಹಣ್ಣು ಹಚ್ಚಿ ತಿಕ್ಕವರು ನಾವು” ಎಂದಳು. ಸತ್ಯವಾದ ಮಾತು. ಇಂಗ್ಲಂಡದ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ೧೯೧೩ರಲ್ಲಿ ತುಕ್ಕುಹಿಡಿಯದ ಉಕ್ಕನ್ನು ತಯಾರಿಸಿದನು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ನಮ್ಮ ಮನೆಗಳನ್ನು ಹೊಕ್ಕಾಗ ಕಂಚು ಹಿತ್ತಾಳಿಗಳು ಅಟ್ಟವನ್ನೇರಿದವು. ಅದಕ್ಕಾಗಿ ಹೆಣ್ಣುಮಕ್ಕಳನ್ನು ದೂರುವವರು ಒಂದು ಹಬ್ಬದ ಹಿಂದಿನ ದಿನ ತಾವೇ ಹಿತ್ತಲಲ್ಲಿ ಕುಳಿತು ಹತ್ತು ಗಂಗಾಳಗಳನ್ನು ತಿಕ್ಕಿ ನೋಡಬೇಕು.

ಇಲ್ಲಿಯೇ ಮುಪ್ಪಿನ ಬಣ್ಣವು ಉಪಕಾರಕ್ಕೆ ಬರುವದು. ನಿತ್ಯ ಬಳಸದ ಹಂಡೆ ಕೊಡಗಳನ್ನು ಬೆಳಗಲೇಬೇಕೆಂಬ ಹಟ ಬೇಡ. ಒಮ್ಮೆ ಜಿಡ್ಡು ಧೂಳುಗಳನ್ನು ಸೀಗೆಪುಡಿಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಜೇನುಮೇಣವನ್ನು ಸವರಿಟ್ಟರೆ ಅವು ತಮ್ಮ ಕಂದು ಬಣ್ಣದಲ್ಲಿಯೇ ಗಂಭೀರವಾಗಿ ಶೋಭಿಸುವವು. ಹಿತ್ತಾಳಿಯನ್ನು ಹುಳಿಯಲ್ಲಿ ಬಹಳ ಹೊತ್ತು ನೆನೆಯಿಡುವದೂ ಒಳ್ಳೆಯದಲ್ಲ. ಹುಳಿಯು ಸತುವನ್ನು ಕರಗಿಸಿದಲ್ಲಿ ತಾಮ್ರವು ಉಳಿದು ಕೆಂಪು ಕಲೆ ಬೀಳುವದು. ಕೊರೆದ ಹೆಸರುಗಳುಳ್ಳ ಪಾತ್ರೆಯನ್ನು ಮರಳಿನಿಂದ ತಿಕ್ಕಲೇಬಾರದು. ಲೋಹಕ್ಕೆ ಹೊಳಪನ್ನು ಮತ್ತೆ ತರಬಹುದು, ಸವೆದುಹೋದ ಅಕ್ಷರವನ್ನು ತರಲಾಗದು.

ಕಾನೂನಿನ ಮಾತನ್ನೂ ಮರೆಯಲಾಗದು. ೧೯೭೨ರ ಪುರಾವಸ್ತು ಹಾಗೂ ಕಲಾನಿಧಿಗಳ ಕಾಯದೆಯ ಪ್ರಕಾರ ನೂರು ವರ್ಷ ಮೀರಿದ ವಸ್ತುವು ಪುರಾವಸ್ತುವೆನಿಸುವದು. ಅಂಥ ಲೋಹದ ಮೂರ್ತಿಗಳನ್ನು ನೋಂದಾಯಿಸಬೇಕು. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವದು ಅಪರಾಧ. ಯಾರೋ ಹಳೆಯ ದೇವರ ಮೂರ್ತಿಯನ್ನು ಅಗ್ಗದ ಬೆಲೆಗೆ ತಂದು ತೋರಿಸಿದರೆ ಅದು ಯಾವ ಗುಡಿಯದೆಂದು ಮೊದಲು ಕೇಳಬೇಕು. ಪಡಸಾಲೆಯ ಅಲಂಕಾರಕ್ಕಾಗಿ ಒಂದು ಊರಿನ ದೇವರು ಕಾಣೆಯಾಗಬಾರದು.

ಅಣ್ಣನ ಮಗನು ಕಡೆಗೆ ಮಾಡಿದ್ದಿಷ್ಟು. ಹಂಡೆಯನ್ನು ತೂಕಕ್ಕೆ ಹಾಕಲಿಲ್ಲ; ತೊಳೆದು ಒಣಗಿಸಿ ಬಾಗಿಲ ಪಕ್ಕದಲ್ಲಿ ಇರಿಸಿದನು. ಗಂಗಾಳಗಳಲ್ಲಿ ನಾಲ್ಕನ್ನು ಊಟಕ್ಕೆ ತೆಗೆದುಕೊಂಡರು. ಹಬ್ಬದ ದಿನ ಅವನ್ನು ಬೆಳಗುವ ಕೆಲಸವು ಗಂಡಸರದೆಂದು ಸೊಸೆಯು ಕರಾರು ಮಾಡಿದಳು, ಅದು ಈವರೆಗೆ ನಡೆದುಬಂದಿದೆ. ಸಮೆಯನ್ನು ಮಾತ್ರ ಹೊಸದು ತಂದರು, ಮದ್ದು ಕುಡಿಯದ ಹೊಳೆಯುವ ಸಮೆಯನ್ನು.

ವಾಚಕರಲ್ಲಿ ನನ್ನ ವಿನಂತಿಯು ಇಷ್ಟೇ. ಅಟ್ಟದ ಮೇಲಿನ ಲೋಹವನ್ನು ತೂಕದ ಕಲ್ಲಿಗೆ ಹಾಕುವ ಮೊದಲು ಒಮ್ಮೆ ಕೆಳಗಿಳಿಸಿ, ಅಂಚನ್ನು ಒರಸಿ, ಕೊರೆದ ಹೆಸರನ್ನು ಓದಿರಿ. ಓದಿ ಮಕ್ಕಳಿಗೆ ಅದು ಯಾರದೆಂದು ಹೇಳಿರಿ. ಹೊಸದನ್ನು ಕೊಳ್ಳುವವರು ಲೇಪವಿಲ್ಲದ ಗಟ್ಟಿ ಹಿತ್ತಾಳಿಯನ್ನೋ ಕಂಚನ್ನೋ ಕೊಂಡು, ಅದರ ಮೇಲೆ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಇಸವಿಯನ್ನೂ ಕೊರೆಯಿಸಿರಿ. ಬಣ್ಣವನ್ನು ತರುವ ಕೆಲಸವನ್ನು ದಿನದ ಬಳಕೆಗೂ ಮನೆಯವರ ಕೈಗಳಿಗೂ ಬಿಡಿರಿ. ಅವಸರವಿಲ್ಲದ ಕೆಲಸವದು, ಐವತ್ತು ವರ್ಷಗಳಲ್ಲಿ ಆಗಿಯೇ ಆಗುವದು.